ಅಯೋವಾದ ವಿನ್ನೆಶೀಕ್ ಕೌಂಟಿ: ಚೌಕುಳಿ ನಕ್ಷೆ, ಏರುತಗ್ಗಿನ ನೆಲ

ಬಯಲುದಾರಿ:
ಉದ್ಯೋಗದ ನಿಮಿತ್ತ ಮಿನ್ನೆಸೋಟದ ರಾಚೆಸ್ಟರ್ ನಗರಕ್ಕೆ ಬಂದು ನೆಲೆಸಿ ನನಗೆ ನಾಲ್ಕು ವರ್ಷಗಳಾದವು. ಅಯೋವಾ ಎಂದೊಡನೆ ಇಲ್ಲಿನವರು ಹೇಳುವುದು ಒಂದೇ ಮಾತು: ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ನಡುವೆ ಗೆರೆ ಎಳೆದಂತಹ ರಸ್ತೆ, ಅದರಾಚೆ ನೋಡುವುದಕ್ಕೆ ಏನೂ ಇಲ್ಲ. ಕಳೆದ ಸೆಪ್ಟೆಂಬರಿನಲ್ಲಿ 52ನೆಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟವನು ರಾಜ್ಯದ ಗಡಿ ದಾಟಿ, ಬರ್ ಓಕ್ ಎಂಬ ಪುಟ್ಟ ಊರನ್ನು ಹಿಂದೆ ಹಾಕಿ ಮುಂದುವರಿದಾಗ, ರಸ್ತೆ ತಿರುವು ತಿರುವಾಗಿ ಇಳಿದು ಸುಣ್ಣಕಲ್ಲಿನ ಕಡಿದಾದ ಗೋಡೆಗಳ ನಡುವಿನ ಕಣಿವೆಯೊಂದಕ್ಕೆ ನನ್ನನ್ನು ತಂದು ಬಿಟ್ಟಿತು. ಆ ಕಣಿವೆಯಲ್ಲಿರುವ ಊರು ಡೆಕೋರಾ, ವಿನ್ನೆಶೀಕ್ ಕೌಂಟಿಯ ಆಡಳಿತ ಕೇಂದ್ರ. ಅಂಗಡಿಬೀದಿಯಲ್ಲಿ ನಾರ್ವೆಯ ಬಾವುಟಗಳು ಹಾರುತ್ತಿದ್ದವು. ಊರಿನ ಹೆಸರೂ ಕೌಂಟಿಯ ಹೆಸರೂ ಮೂಲನಿವಾಸಿಗಳವು. ಅಲ್ಲಿಂದ ಸ್ವಲ್ಪ ದೂರದ ಸ್ಪಿಲ್‌ವಿಲ್ ಚೆಕ್ ಜನರ ಊರಂತೆ. ಡೆಕೋರಾದ ಅಂಚಿನಲ್ಲಿ ಐಸ್ ಕೇವ್ ಎಂಬ ಗುಹೆಯೂ ಇದೆ ಎಂದು ತಿಳಿದು ಆಸೆಯಿಂದ ಹೋದರೆ, ಹೆಸರಿಗೆ ಮಾತ್ರ ಮಂಜುಗಡ್ಡೆಯ ಗುಹೆ, ಒಳಗೆ ಒಂದು ಹಿಡಿ ಮಂಜುಗಡ್ಡೆಯೂ ಇರಲಿಲ್ಲ.

ಈ ನೆಲ ಹೀಗೇಕಿದೆ, ಈ ಜನ ಇಲ್ಲಿಗೆ ಹೇಗೆ ಬಂದರು ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ಜೊತೆಗೆ ಒಂದು ಸಣ್ಣ ಸಂದೇಹ: ಕೌಂಟಿಯನ್ನು ನಾವು ಜಿಲ್ಲೆ ಎಂದು ಕರೆಯಬಹುದೇ?

ನಕ್ಷೆಗಣ್ಣು:
ಸಣ್ಣ ಸಂದೇಹದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಉತ್ತರಕ್ಕೂ ಅದೇ ಬಾಗಿಲು. ಆಡಳಿತದ ದೃಷ್ಟಿಯಿಂದ ಜಿಲ್ಲೆ ಎನ್ನಲು ಅಡ್ಡಿಯಿಲ್ಲ, ಆದರೆ ಅಳತೆಯಲ್ಲಿ ಆ ಪದ ದಾರಿ ತಪ್ಪಿಸುತ್ತದೆ. ಅಯೋವಾದಲ್ಲಿ 99 ಕೌಂಟಿಗಳಿವೆ. ವಿನ್ನೆಶೀಕ್‌ನ ವಿಸ್ತೀರ್ಣ ಸುಮಾರು 690 ಚದರ ಮೈಲಿ, ಅಂದರೆ ನಮ್ಮ ದೊಡ್ಡ ತಾಲ್ಲೂಕೊಂದರಷ್ಟು, ಮತ್ತು 2020ರ ಜನಗಣತಿಯ ಪ್ರಕಾರ ಅಲ್ಲಿನ ಒಟ್ಟು ಜನಸಂಖ್ಯೆ 20,070. ನಮ್ಮಲ್ಲಿ ಅಷ್ಟು ಜನ ಒಂದು ಹೋಬಳಿಗೂ ಸಾಲದು.

ಮುಖ್ಯ ವ್ಯತ್ಯಾಸ ಬೇರೆಯೇ ಇದೆ. ನಮ್ಮ ಕಡೆ ಊರು ಮೊದಲು ಹುಟ್ಟಿತು, ಮೋಜಣಿಯವರು ಸರಪಳಿ ಹಿಡಿದುಕೊಂಡು ಆಮೇಲೆ ಬಂದರು. ಹಾಗಾಗಿ ನಮ್ಮ ಸರ್ವೆ ನಂಬರುಗಳು ಹಳ್ಳ, ಬದು, ಗಾಡಿದಾರಿಗಳನ್ನು ಅನುಸರಿಸಿ ಅಂಕುಡೊಂಕಾಗಿ ಇರುತ್ತವೆ. ಅಲ್ಲಿ 1785ರ ಭೂ ಕಾನೂನಿನ ಪ್ರಕಾರ ಗೆರೆ ಮೊದಲು ಬಂದಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್‌ಗಳು. ಪ್ರತಿ ಸೆಕ್ಷನ್‌ಗೆ 640 ಎಕರೆ, ಅದರ ಕಾಲು ಭಾಗವಾದ 160 ಎಕರೆ ಒಂದು ಕುಟುಂಬದ ಜಮೀನು. ವಿನ್ನೆಶೀಕ್ ಎಂದರೆ ಇಂತಹ ಇಪ್ಪತ್ತು ಟೌನ್‌ಶಿಪ್‌ಗಳನ್ನು, ಅಡ್ಡಕ್ಕೆ ನಾಲ್ಕು ಉದ್ದಕ್ಕೆ ಐದರಂತೆ, ಚೌಕಾಬಾರದ ಮನೆಗಳ ಹಾಗೆ ಜೋಡಿಸಿದ ಆಯತ. ಗೆರೆ ಎಳೆದವರು ಬೆಟ್ಟವನ್ನೂ ನೋಡಲಿಲ್ಲ, ಹೊಳೆಯನ್ನೂ ನೋಡಲಿಲ್ಲ.

ಆದರೆ ನೆಲ ಆ ಗೆರೆಗೆ ಒಗ್ಗಲಿಲ್ಲ ಎಂಬುದೇ ಈ ಕೌಂಟಿಯ ವಿಶೇಷ. ಪಶ್ಚಿಮ ಭಾಗದಲ್ಲಿ ನೆಲ ಸಮತಟ್ಟಾಗಿರುವಲ್ಲಿ ಮೈಲಿಗೊಂದರಂತೆ ಜಲ್ಲಿ ರಸ್ತೆಗಳು ನೆಟ್ಟಗೆ ಹೋಗುತ್ತವೆ. ಅಪ್ಪರ್ ಅಯೋವಾ ನದಿಯ ಕಣಿವೆ ಹತ್ತಿರವಾದಂತೆಲ್ಲ ಅದೇ ರಸ್ತೆಗಳು ಸೆಕ್ಷನ್ ಗೆರೆಯನ್ನು ಕೈಬಿಟ್ಟು, ದಿಣ್ಣೆಯ ಬೆನ್ನನ್ನೋ ತೊರೆಯ ದಡವನ್ನೋ ಹಿಡಿದು ಬಳಸುತ್ತಾ ಸಾಗುತ್ತವೆ. ನಕ್ಷೆಯಲ್ಲಿ ರಸ್ತೆ ಎಲ್ಲಿ ಬಾಗುತ್ತದೆಯೋ ಅಲ್ಲಿ ಕಲ್ಲು ಗೆದ್ದಿದೆ ಎಂದು ತಿಳಿಯಬಹುದು.

ಸಾಮಾನ್ಯವಾಗಿ ಈ ಪ್ರದೇಶವನ್ನು ಡ್ರಿಫ್ಟ್‌ಲೆಸ್ ಎನ್ನುತ್ತಾರೆ. ಹಿಮನದಿಗಳು ಹೊತ್ತು ತಂದು ಸುರಿದುಹೋಗುವ ಮಣ್ಣುಕಲ್ಲುಗಳ ರಾಶಿ ಇಲ್ಲದ ಸೀಮೆ ಎಂದು ಅದರ ಅರ್ಥ. ಕೊನೆಯ ಹಿಮಯುಗದಲ್ಲಿ ಅಯೋವಾದ ನಡುಭಾಗವನ್ನು ಹಿಮದ ಹಾಳೆ ಇಸ್ತ್ರಿ ಪೆಟ್ಟಿಗೆಯಂತೆ ಉಜ್ಜಿ ಚಪ್ಪಟೆ ಮಾಡಿತು. ಈಶಾನ್ಯದ ಈ ಮೂಲೆಗೆ ಅದು ತಲುಪಲಿಲ್ಲವಾದ್ದರಿಂದ ನದಿಗಳು ಕೊರೆದ ಕಣಿವೆಗಳು ಹಾಗೆಯೇ ಉಳಿದವು.

ಪದರಗಲ್ಲು:
ನಕ್ಷೆಗಣ್ಣು ಅವರ ವಿವರಣೆಗೆ ಒಂದು ತಿದ್ದುಪಡಿ ಅಗತ್ಯ. ಡ್ರಿಫ್ಟ್‌ಲೆಸ್ ಎಂಬ ಹೆಸರು ವಿಸ್ಕಾನ್ಸಿನ್ ಕಡೆಯ ನೆಲಕ್ಕೆ ನಿಜ. ಅಯೋವಾ ಭಾಗಕ್ಕೆ ಅದನ್ನು ಅನ್ವಯಿಸುವುದು ರೂಢಿಯೇ ಹೊರತು ಶಾಸ್ತ್ರವಲ್ಲ. ಐದು ಲಕ್ಷ ವರ್ಷಗಳಿಗೂ ಹಿಂದಿನ ಹಳೆಯ ಹಿಮಹಾಳೆಗಳು ವಿನ್ನೆಶೀಕ್‌ನ ಮೇಲೂ ಹಾದುಹೋಗಿದ್ದವು, ಅವು ಬಿಟ್ಟುಹೋದ ಮಣ್ಣಿನ ತುಣುಕುಗಳು ಎತ್ತರದ ದಿಣ್ಣೆಗಳ ಮೇಲೆ ಈಗಲೂ ಸಿಗುತ್ತವೆ. ಆಮೇಲಿನ ಕಾಲದಲ್ಲಿ ನೀರು ಅದರ ಬಹುಪಾಲನ್ನು ತೊಳೆದು ಕೆಳಗಿನ ಬಂಡೆಯನ್ನು ಬಯಲು ಮಾಡಿತು. ಹಿಮ ಬರಲೇ ಇಲ್ಲ ಎನ್ನುವುದಕ್ಕಿಂತ, ಬಂದು ಹೋಗಿ ಬಹಳ ಕಾಲವಾಯಿತು ಎನ್ನುವುದು ಸರಿ.

ಬಂಡೆಯ ಬಗ್ಗೆ ಬಯಲುದಾರಿಯವರಿಗೆ ತಿಳಿದರೆ ಸಂತೋಷವಾಗುವ ಸಂಗತಿಯೊಂದಿದೆ. ಸುಮಾರು 45 ಕೋಟಿ ವರ್ಷಗಳ ಹಿಂದೆ ಸಮುದ್ರದಡಿಯಲ್ಲಿ ಕೂತ ಹಸಿರುಬೂದು ಜೇಡಿಗಲ್ಲಿನ ಪದರವೊಂದಕ್ಕೆ ಡೆಕೋರಾ ಶೇಲ್ ಎಂದೇ ಹೆಸರು, ಈ ಊರಿನಿಂದಲೇ ಬಂದದ್ದು. ಅದರ ಮೇಲಿರುವ ಸುಣ್ಣಕಲ್ಲು ಬಿರುಕುಬಿರುಕಾದದ್ದು. ಮಳೆನೀರು ಜರಡಿಯಲ್ಲಿ ಇಳಿದಂತೆ ಕೆಳಗಿಳಿಯುತ್ತದೆ. ಜೇಡಿಗಲ್ಲು ಆ ನೀರನ್ನು ಕೆಳಗೆ ಬಿಡುವುದಿಲ್ಲ. ಆದ್ದರಿಂದ ನೀರು ಪಕ್ಕಕ್ಕೆ ಹರಿದು ಬೆಟ್ಟದ ಮಗ್ಗುಲಲ್ಲಿ ಚಿಲುಮೆಯಾಗಿ ಹೊರಗೆ ಚಿಮ್ಮುತ್ತದೆ. ಡೆಕೋರಾದ ಡನಿಂಗ್ಸ್ ಸ್ಪ್ರಿಂಗ್ ಎಂಬ ಜಲಪಾತ ಹುಟ್ಟುವುದು ಹೀಗೆ. ರಾಚೆಸ್ಟರ್ ಸುತ್ತಲಿನ ಗುಡ್ಡಗಳಲ್ಲೂ ಇದೇ ಪದರ ಹಾದುಹೋಗಿದೆ. ಅಲ್ಲಿ ಅದರ ಅಂಚಿನಲ್ಲಿ ಕಟ್ಟಡ ಕಟ್ಟಲು ನಿರ್ಬಂಧಗಳಿವೆ, ಏಕೆಂದರೆ ನಗರದ ಅಂತರ್ಜಲಕ್ಕೆ ನೀರು ಸೇರುವ ದಾರಿ ಅದು. ನೀವು ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಿ ನೋಡಿ ಬಂದ ಕಲ್ಲು ನಿಮ್ಮ ಮನೆಯ ಹತ್ತಿರವೂ ಇದೆ.

ಡೆಕೋರಾ ಊರು ಇನ್ನೊಂದು ಗುಟ್ಟಿನ ಮೇಲೆ ಕೂತಿದೆ. ಕೊಳವೆಬಾವಿ ಕೊರೆಯುವಾಗ ಮೇಲೆ ಬಂದ ಕಲ್ಲಿನ ಚೂರುಗಳನ್ನು ಪರಿಶೀಲಿಸುತ್ತಿದ್ದಾಗ, ಸುತ್ತಮುತ್ತ ಬೇರೆಲ್ಲೂ ಕಾಣದ ಜೇಡಿಗಲ್ಲು ಅಲ್ಲಿ ದುಂಡನೆಯ ಪ್ರದೇಶವೊಂದರೊಳಗೆ ಮಾತ್ರ ಇರುವುದು ಭೂವಿಜ್ಞಾನಿಗಳ ಗಮನಕ್ಕೆ ಬಂದಿತು. 2013ರಲ್ಲಿ ವಿಮಾನದಿಂದ ನಡೆಸಿದ ಅಳತೆಗಳು ಅದು ಸುಮಾರು 47 ಕೋಟಿ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ಕುಳಿ ಎಂಬುದಕ್ಕೆ ಪುಷ್ಟಿ ನೀಡಿದವು. ಅದರ ಅಗಲ ಐದೂವರೆ ಕಿಲೋಮೀಟರಿಗೂ ಹೆಚ್ಚು. ಆ ಕುಳಿಯಲ್ಲಿ ತುಂಬಿಕೊಂಡ ಕೆಸರು ಪ್ರಾಣಿಗಳನ್ನು ಅಪರೂಪದ ಅಚ್ಚುಕಟ್ಟಿನಿಂದ ಕಾಪಾಡಿತು. ಕಷ್ಟವೆಂದರೆ ಆ ಪದರ ಮೇಲ್ಮೈಗೆ ಬರುವ ಜಾಗ ಇರುವುದು ನದಿಯ ತಳದಲ್ಲಿ. 2010ರಲ್ಲಿ ನದಿಗೆ ತಾತ್ಕಾಲಿಕ ಒಡ್ಡು ಕಟ್ಟಿ, ನೀರು ಹೊರಹಾಕಿ, ಹಲಗೆ ಹಲಗೆಯಾಗಿ ಕಲ್ಲನ್ನು ಎತ್ತಿದರು. ಅದರೊಳಗೆ ಸಿಕ್ಕ ಪೆಂಟೆಕಾಪ್ಟೆರಸ್ ಎಂಬ ಕಡಲಚೇಳು ಆಳೆತ್ತರದಷ್ಟು ಉದ್ದವಿತ್ತು; 2015ರಲ್ಲಿ ಅದಕ್ಕೆ ಹೆಸರಿಡುವಾಗ ಡೆಕೋರಾವನ್ನೂ ಸೇರಿಸಿದರು.

ಹಳೆಯ ಕಡತ:
ಕಲ್ಲಿನ ಕಥೆ ಮುಗಿದಿದ್ದರೆ ಗೆರೆಯ ಕಥೆಗೆ ಮರಳೋಣ. ಗೆರೆ ಎಳೆಯುವ ಮೊದಲು ನೆಲ ಖಾಲಿ ಇರಲಿಲ್ಲ, ಅದನ್ನು ಖಾಲಿ ಮಾಡಿಸಲಾಯಿತು.

ವಿನ್ನೆಶೀಕ್, ಡೆಕೋರಾ ಎರಡೂ ಹೋ-ಚಂಕ್ ಜನಾಂಗದ ನಾಯಕರ ಹೆಸರುಗಳು. ಸರ್ಕಾರಿ ಕಾಗದಗಳಲ್ಲಿ ಆ ಜನಾಂಗವನ್ನು ವಿನ್ನೆಬಾಗೊ ಎಂದು ಬರೆಯುತ್ತಿದ್ದರು. ಅವರ ಮೂಲ ನೆಲೆ ಇದಲ್ಲ, ಮಿಸಿಸಿಪಿಯ ಆಚೆ ದಡದ ವಿಸ್ಕಾನ್ಸಿನ್. ಡಕೋಟ ಜನರಿಗೂ ಸಾಕ್ ಮತ್ತು ಮೆಸ್ಕ್ವಾಕಿ ಜನರಿಗೂ ನಡುವೆ 1825ರಲ್ಲಿ ಸರ್ಕಾರ ಒಂದು ಗಡಿರೇಖೆ ಎಳೆಸಿತು. 1830ರಲ್ಲಿ ಆ ರೇಖೆಯ ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಮೈಲಿ ಬಿಡಿಸಿಕೊಂಡು, ನಲವತ್ತು ಮೈಲಿ ಅಗಲದ ಪಟ್ಟಿಗೆ ತಟಸ್ಥ ಭೂಮಿ ಎಂದು ಹೆಸರಿಟ್ಟರು. 1832ರ ಒಪ್ಪಂದದಲ್ಲಿ ಅದರ ಪೂರ್ವಭಾಗವನ್ನು ಹೋ-ಚಂಕ್ ಜನರಿಗೆ ತೋರಿಸಿ, ಅವರ ವಿಸ್ಕಾನ್ಸಿನ್ ಭೂಮಿಯನ್ನು ಬರೆಸಿಕೊಂಡರು. ಇಬ್ಬರ ಜಗಳದ ನಡುವೆ ಮೂರನೆಯವರನ್ನು ತಂದು ಕೂರಿಸಿದ ಹಾಗಾಯಿತು. ಬರಲೊಪ್ಪದವರನ್ನು 1840ರಲ್ಲಿ ಸೈನ್ಯ ಹೊಳೆ ದಾಟಿಸಿತು.

ಅವರ ಕಾವಲಿಗೆಂದು ಅದೇ ವರ್ಷ ಟರ್ಕಿ ನದಿಯ ಮೇಲಿನ ದಿಣ್ಣೆಯಲ್ಲಿ ಫೋರ್ಟ್ ಅಟ್ಕಿನ್ಸನ್ ಕೋಟೆಯ ಕೆಲಸ ಆರಂಭವಾಯಿತು. 1846ರಲ್ಲಿ ಅಯೋವಾ ರಾಜ್ಯವಾಯಿತು. ಅದೇ ವರ್ಷ ಹೋ-ಚಂಕ್ ಜನರಿಂದ ಈ ನೆಲವನ್ನೂ ಬರೆಸಿಕೊಳ್ಳಲಾಯಿತು. 1847ರಲ್ಲಿ ಕೌಂಟಿಯ ಗಡಿಯನ್ನು ನಕ್ಷೆಯ ಮೇಲೆ ಗುರುತಿಸಿದಾಗ, ಯಾರ ಹೆಸರನ್ನು ಅದಕ್ಕೆ ಇಟ್ಟರೋ ಅವರ ಜನ ಇನ್ನೂ ಅಲ್ಲೇ ಇದ್ದರು. ಮರುವರ್ಷ ಅವರನ್ನು ಮಿನ್ನೆಸೋಟದ ಲಾಂಗ್ ಪ್ರೇರಿಗೆ ನಡೆಸಿದರು. 1855ರಲ್ಲಿ ಅಲ್ಲಿಂದ ಬ್ಲೂ ಅರ್ಥ್‌ಗೆ, 1863ರಲ್ಲಿ ಡಕೋಟದ ಕ್ರೋ ಕ್ರೀಕ್‌ಗೆ, 1865ರಲ್ಲಿ ನೆಬ್ರಾಸ್ಕಕ್ಕೆ. ಇಪ್ಪತ್ತೈದು ವರ್ಷಗಳಲ್ಲಿ ಐದು ಸಲ ಒಕ್ಕಲೆಬ್ಬಿಸಿದ ಲೆಕ್ಕ ಇದು. ಪ್ರತಿ ಸಲವೂ ಎಷ್ಟೋ ಮಂದಿ ಕದ್ದುಮುಚ್ಚಿ ವಿಸ್ಕಾನ್ಸಿನ್‌ಗೆ ಮರಳಿದರು. ಅವರ ವಂಶಸ್ಥರು ಇಂದಿಗೂ ಅಲ್ಲಿದ್ದಾರೆ.

ಓರೆಯಾಗಿ ಹಾದುಹೋಗಿದ್ದ ಆ ತಟಸ್ಥ ಭೂಮಿಯ ಗಡಿ ಇಂದಿನ ನಕ್ಷೆಯಲ್ಲಿ ಕಾಣುವುದಿಲ್ಲ. ಚೌಕಗಳು ಅದನ್ನು ಮುಚ್ಚಿಹಾಕಿವೆ.

ತಿರುಗಾಲ:
ನಾನು ಆ ಕೋಟೆಗೆ ಹೋಗಿದ್ದೇನೆ. ಸುಣ್ಣಕಲ್ಲಿನಲ್ಲಿ ಕಟ್ಟಿದ ಸೈನಿಕರ ವಸತಿಯ ಒಂದು ಭಾಗ ಈಗಲೂ ನಿಂತಿದೆ. ಗೋಡೆಯ ಕಲ್ಲುಗಳ ಮೇಲೆ ಉಳಿಯ ಗುರುತುಗಳು ಬೆರಳಿಗೆ ತಾಕುತ್ತವೆ. ಮೂಲನಿವಾಸಿಗಳ ಒಂದು ಪಂಗಡವನ್ನು ಇನ್ನೊಂದು ಪಂಗಡದಿಂದ ರಕ್ಷಿಸಲು ಅಮೆರಿಕದ ಸೈನ್ಯ ಕಟ್ಟಿದ ಏಕೈಕ ಕೋಟೆ ಇದು ಎಂದು ಆ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಹಳೆಯ ಕಡತ ಅವರ ಬರಹದಲ್ಲಿ ಈ ಅಂಶಕ್ಕೆ ಅಷ್ಟು ಬೆಲೆ ಸಿಕ್ಕಿಲ್ಲವೆಂದು ನನಗನಿಸಿತು. ಡಕೋಟ ಮತ್ತು ಸಾಕ್ ಜನರಿಂದ ಅವರಿಗೆ ಅಪಾಯವಿದ್ದದ್ದು ನಿಜವಲ್ಲವೇ?

ಹಳೆಯ ಕಡತ:
ಅಪಾಯ ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅಪಾಯದ ನಡುವೆ ಅವರನ್ನು ತಂದಿಟ್ಟವರು ಯಾರು ಎಂಬ ಪ್ರಶ್ನೆಯನ್ನು ಬಿಟ್ಟು ರಕ್ಷಣೆ ಎಂಬ ಪದವನ್ನಷ್ಟೇ ಎತ್ತಿ ಹಿಡಿಯುವುದು ಅರ್ಧ ಸತ್ಯವಾಗುತ್ತದೆ. ಕೋಟೆಯ ಸೈನಿಕರಿಗೆ ಇನ್ನೂ ಎರಡು ಕೆಲಸಗಳಿದ್ದವು: ಹೋ-ಚಂಕ್ ಜನ ವಿಸ್ಕಾನ್ಸಿನ್‌ಗೆ ಮರಳದಂತೆ ತಡೆಯುವುದು, ಮತ್ತು ಹೆಂಡ ಮಾರುವವರನ್ನೂ ಅಕ್ರಮವಾಗಿ ನೆಲೆಯೂರಲು ಬರುವವರನ್ನೂ ಹೊರಗಿಡುವುದು. ಕಾವಲು ಎನ್ನುವುದು ಒಳಗಿನವರನ್ನು ಕಾಯುವುದಕ್ಕೂ ಆಗುತ್ತದೆ, ಹೊರಗೆ ಹೋಗದಂತೆ ತಡೆಯುವುದಕ್ಕೂ ಆಗುತ್ತದೆ. ಅವರನ್ನು ಸಾಗಿಸಿದ ಮರುವರ್ಷ, 1849ರಲ್ಲಿ, ಸೈನ್ಯ ಕೋಟೆಯನ್ನು ತೊರೆಯಿತು. ಆ ವರ್ಷವೇ ಡೆಕೋರಾದ ಜಾಗಕ್ಕೆ ಮೊದಲ ಬಿಳಿಯ ಕುಟುಂಬ ಬಂದಿಳಿಯಿತು. ಇಷ್ಟು ಹತ್ತಿರದ ತಾರೀಖುಗಳನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ತಿರುಗಾಲ:
ಒಪ್ಪುತ್ತೇನೆ. ತಾರೀಖುಗಳನ್ನು ಹೀಗೆ ಒಂದರ ಪಕ್ಕ ಒಂದಿಟ್ಟು ನಾನು ನೋಡಿರಲಿಲ್ಲ.

ಗುಡ್ಡದ ಹೊಲ:
ಆಮೇಲೆ ಬಂದವರ ಬಗ್ಗೆ ನಾನು ಬರೆಯುತ್ತೇನೆ. ಕೃಷಿ ವಿಸ್ತರಣೆಯ ಕೆಲಸದಲ್ಲಿದ್ದವನಾದ್ದರಿಂದ ನನ್ನ ಕಣ್ಣು ಹೊಲದ ಮೇಲೆಯೇ ಹೋಗುತ್ತದೆ, ಕ್ಷಮಿಸಬೇಕು.

ನಾರ್ವೆಯವರು 1850ರಿಂದ ಬರತೊಡಗಿದರು. ಎಕರೆಗೆ ಒಂದೂಕಾಲು ಡಾಲರಿನಂತೆ ಸರ್ಕಾರಿ ಭೂಮಿ ಸಿಗುತ್ತಿತ್ತು. 160 ಎಕರೆಗೆ 200 ಡಾಲರು. ತಮ್ಮ ದೇಶದಲ್ಲಿ ಬಂಡೆಗಳ ಸಂದಿಯಲ್ಲಿ ಅಂಗೈಯಗಲದ ಹೊಲಗಳನ್ನು ಉತ್ತಿದ್ದವರಿಗೆ ಅದು ಊಹೆಗೂ ನಿಲುಕದ ಆಸ್ತಿ. 1853ರ ಕೊನೆಯಲ್ಲಿ ನಾರ್ವೆಯಿಂದ ಬಂದ ಕೋರೆನ್ ಎಂಬ ಯುವ ಪಾದ್ರಿ ಮತ್ತು ಆತನ ಪತ್ನಿಗೆ ಇರಲು ಮನೆಯಿರಲಿಲ್ಲ. ಎಗ್ಗೆ ಎಂಬ ರೈತ ದಂಪತಿ ತಮ್ಮ ಇಬ್ಬರು ಮಕ್ಕಳೊಂದಿಗೆ ವಾಸಿಸುತ್ತಿದ್ದ ಒಂದೇ ಕೋಣೆಯ ಮರದ ಗುಡಿಸಲಿನಲ್ಲಿ ಅವರಿಗೂ ಜಾಗ ಮಾಡಿಕೊಟ್ಟರು. ಕೋಣೆಯ ಒಂದು ಪಕ್ಕಕ್ಕೆ ಪರದೆ ಕಟ್ಟಿ, ಅದರ ಹಿಂದೆ ಎರಡೂ ಕುಟುಂಬಗಳು ಮಲಗುತ್ತಿದ್ದವು. ಆ ಗುಡಿಸಲನ್ನು ಡೆಕೋರಾದ ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಬಾಗಿಲಲ್ಲಿ ನಿಂತರೆ ಎದುರಿನ ಗೋಡೆ ನಾಲ್ಕೈದು ಹೆಜ್ಜೆ ದೂರ. ಅಷ್ಟರೊಳಗೆ ಆರು ಜೀವ ಒಂದು ಚಳಿಗಾಲ ಕಳೆದಿವೆ. 1861ರಲ್ಲಿ ಆರಂಭವಾದ ಲೂಥರ್ ಕಾಲೇಜು ಮರುವರ್ಷ ಡೆಕೋರಾಕ್ಕೆ ಬಂದಿತು. 1874ರಲ್ಲಿ ಶುರುವಾದ ಡೆಕೋರಾ-ಪೋಸ್ಟೆನ್ ಎಂಬ ನಾರ್ವೇಜಿಯನ್ ಪತ್ರಿಕೆ 1972ರವರೆಗೆ, ಅಂದರೆ 98 ವರ್ಷ ನಡೆಯಿತು. ಪರದೇಶದಲ್ಲಿ ಕನ್ನಡ ಪತ್ರಿಕೆ ನಡೆಸಲು ಒದ್ದಾಡಿದವರಿಗೆ ಆ ಸಂಖ್ಯೆಯ ತೂಕ ತಿಳಿಯುತ್ತದೆ.

ಬೆಳೆಗೆ ಬರೋಣ. ಮೊದಲು ಎಲ್ಲರೂ ಬಿತ್ತಿದ್ದು ಗೋಧಿ. ಒಂದೇ ಬೆಳೆಯಿಂದ ಮಣ್ಣು ಸೋತು, ಚಿಂಚ್ ಎಂಬ ತಿಗಣೆ ಜಾತಿಯ ಹುಳು ಬಿದ್ದು, 1870ರ ದಶಕದ ಕೊನೆಗೆ ಗೋಧಿ ಕೈಕೊಟ್ಟಿತು. ಅಯೋವಾದ ಸಮತಟ್ಟು ಭಾಗದವರು ಮೆಕ್ಕೆಜೋಳಕ್ಕೆ ಹೊರಳಿದರು. ಇಲ್ಲಿ ಇಳಿಜಾರು ಅದಕ್ಕೆ ಪೂರ್ತಿ ಒಪ್ಪಲಿಲ್ಲ. ಉತ್ತ ಮಣ್ಣು ಮೊದಲ ಮಳೆಗೆ ಹೊಳೆ ಸೇರುತ್ತಿತ್ತು. ಹಾಗಾಗಿ ಇಳಿಜಾರನ್ನು ಹುಲ್ಲಿಗೆ ಬಿಟ್ಟು ಹಸು ಕಟ್ಟಿದರು, ಬೆಣ್ಣೆಯ ಕಾರ್ಖಾನೆಗಳು ಬಂದವು. ಮುಂದೆ ಇಳಿಜಾರಿಗೆ ಅಡ್ಡಲಾಗಿ ಒಂದು ಪಟ್ಟಿ ಮೆಕ್ಕೆಜೋಳ, ಒಂದು ಪಟ್ಟಿ ಕುದುರೆಮೆಂತೆ ಹಾಕುವ ರೂಢಿ ಬೆಳೆಯಿತು. ದಿಣ್ಣೆಯ ಮೇಲಿಂದ ನೋಡಿದರೆ ಇಳಕಲ್ ಸೀರೆಯನ್ನು ಮಡಿಕೆ ಮಡಿಕೆಯಾಗಿ ಹರವಿದಂತೆ ಕಾಣುತ್ತದೆ. ಸೆಕ್ಷನ್ನಿನ ಚೌಕದೊಳಗೆ ರೈತನೇ ಬಾಗಿದ ಗೆರೆಗಳನ್ನು ಎಳೆದುಕೊಂಡಿದ್ದಾನೆ.

ಈ ನೆಲದ ಒಂದು ದೋಷವನ್ನೂ ಹೇಳಬೇಕು. ಪದರಗಲ್ಲು ಅವರು ಹೇಳಿದ ಬಿರುಕುಬಂಡೆಯ ಮೇಲೆ ಅಲ್ಲಲ್ಲಿ ನೆಲ ಕುಸಿದು ಆಲಿಕೆಯಾಕಾರದ ಗುಂಡಿಗಳಾಗಿವೆ. ಹಿಂದಿನವರು ಉಳಲು ಬಾರದ ಆ ಗುಂಡಿಗಳಿಗೆ ಮುರಿದ ಸಾಮಾನು, ಸತ್ತ ದನ, ಖಾಲಿ ಡಬ್ಬ ಎಲ್ಲವನ್ನೂ ಸುರಿಯುತ್ತಿದ್ದರು. ಆ ಗುಂಡಿಯ ತಳ ನೇರವಾಗಿ ಅಂತರ್ಜಲದ ಬಾಯಿ. ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಇಲ್ಲಿ ಸೋಸಿಕೊಳ್ಳಲು ಮಣ್ಣಿನ ದಪ್ಪವಿಲ್ಲದೆ ಬಹುಬೇಗ ಬಾವಿ ತಲುಪುತ್ತದೆ. ಬ್ಲಫ್‌ಟನ್ನಿನ ಉತ್ತರಕ್ಕೆ 1967ರಲ್ಲಿ ಪತ್ತೆಯಾದ ಕೋಲ್ಡ್‌ವಾಟರ್ ಗುಹೆ ಇದೇ ವ್ಯವಸ್ಥೆಯ ಭಾಗ. ಚಿಲುಮೆಯ ಬಾಯಿಂದ ಮುಳುಗುಗಾರರು ಒಳಹೊಕ್ಕು ಕಂಡುಹಿಡಿದ ಅದರ ಮೈಲಿಗಟ್ಟಲೆ ಸುರಂಗಗಳು ಮೇಲಿನ ಹೊಲಗಳ ಅಡಿಯಲ್ಲೇ ಹಾದುಹೋಗಿವೆ.

ಸ್ವರಸಂಗಾತಿ:
ಸ್ಪಿಲ್‌ವಿಲ್ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಮಧ್ಯೆ ಬರುತ್ತಿದ್ದೇನೆ. ಟರ್ಕಿ ನದಿಯ ದಡದ ಆ ಊರಿನಲ್ಲಿ ಚೆಕ್ ವಲಸಿಗರು 1860ರಲ್ಲಿ ಸಂತ ವೆನ್ಸೆಸ್ಲಾಸ್ ಚರ್ಚು ಕಟ್ಟಿದರು. ನ್ಯೂಯಾರ್ಕ್‌ನಲ್ಲಿ ಸಂಗೀತ ಶಾಲೆಯ ನಿರ್ದೇಶಕರಾಗಿದ್ದ ಸಂಯೋಜಕ ಆಂಟೊನಿನ್ ಡ್ವೋರ್ಝಾಕ್ 1893ರ ಬೇಸಗೆಯನ್ನು ಹೆಂಡತಿ ಮಕ್ಕಳೊಂದಿಗೆ ಕಳೆದದ್ದು ಅಲ್ಲಿ. ಅವರ ಸಹಾಯಕನ ತಂದೆ ಅಲ್ಲಿನ ಶಾಲಾ ಮೇಷ್ಟ್ರಾಗಿದ್ದರು ಎಂಬುದೇ ಕಾರಣ. ಜೂನ್ 5ರಂದು ಬಂದವರು 8ಕ್ಕೆ ತಂತಿವಾದ್ಯ ಚತುಷ್ಟಯವೊಂದರ ಕರಡು ಆರಂಭಿಸಿ ಮೂರು ದಿನಗಳಲ್ಲಿ ಮುಗಿಸಿ, 23ರ ಹೊತ್ತಿಗೆ ಪೂರ್ತಿ ಬರೆದುಬಿಟ್ಟರು. ಅಮೆರಿಕನ್ ಕ್ವಾರ್ಟೆಟ್ ಎಂದು ಹೆಸರಾದ ಕೃತಿ ಅದೇ. ಹೊಳೆದಂಡೆಯ ವಾಯುವಿಹಾರದಲ್ಲಿ ತಮ್ಮನ್ನು ಕಾಡಿದ ಹಕ್ಕಿಯೊಂದರ ಕೂಗನ್ನು ಅದರ ಮೂರನೆಯ ಭಾಗದಲ್ಲಿ ಪಿಟೀಲಿಗೆ ಕೊಟ್ಟಿದ್ದಾರೆ. ಚರ್ಚಿನಲ್ಲಿ ಬೆಳಗಿನ ಪೂಜೆಗೆ ಆರ್ಗನ್ ನುಡಿಸುತ್ತಿದ್ದರು. ನ್ಯೂಯಾರ್ಕ್‌ನಲ್ಲಿ ಸಿಗದಿದ್ದ ಒಂದು ಸಂಗತಿ ಅವರಿಗೆ ಅಲ್ಲಿ ಸಿಕ್ಕಿತು: ಬೀದಿಯಲ್ಲಿ ಎದುರಾದವರೆಲ್ಲರೊಡನೆ ತಾಯ್ನುಡಿಯಲ್ಲಿ ಮಾತನಾಡುವುದು.

ಅವರು ವಾಸವಿದ್ದ ಕಟ್ಟಡದ ಕೆಳಗಿನ ಮಹಡಿಯಲ್ಲಿ ಈಗ ಬಿಲಿ ಸಹೋದರರ ಗಡಿಯಾರಗಳಿವೆ. ಆ ಇಬ್ಬರು ರೈತರು ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಕೂತು ಮರದಲ್ಲಿ ಕೆತ್ತಿದ ಆಳೆತ್ತರದ ಗಡಿಯಾರಗಳವು.

ಬಯಲುದಾರಿ:
ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ಪ್ರಶ್ನೆಗಳಿವೆ. ಡೆಕೋರಾ ಮುಖ್ಯ ಊರಾಗಿದ್ದರೂ ಹಳೆಯ ರೈಲು ನಕ್ಷೆಯಲ್ಲಿ ಮುಖ್ಯ ಮಾರ್ಗ ಕ್ಯಾಲ್ಮಾರ್ ಮೂಲಕ ಹೋಗಿದೆ, ಅದೇಕೆ? ಇನ್ನೊಂದು, ನಾನು ಕಾಣದೆ ಬಂದ ಮಂಜುಗಡ್ಡೆಯ ಬಗ್ಗೆ.

ನಕ್ಷೆಗಣ್ಣು:
ರೈಲಿನ ಪ್ರಶ್ನೆಗೆ ಉತ್ತರ ಕಣಿವೆಯಲ್ಲಿದೆ. ಕ್ಯಾಲ್ಮಾರ್ ಇರುವುದು ಅಪ್ಪರ್ ಅಯೋವಾ ಮತ್ತು ಟರ್ಕಿ ನದಿಗಳಿಗೆ ಹರಿಯುವ ನೀರು ಇಬ್ಭಾಗವಾಗುವ ದಿಣ್ಣೆಯ ನೆತ್ತಿಯಲ್ಲಿ, ಡೆಕೋರಾಕ್ಕಿಂತ ಸುಮಾರು ನಾನೂರು ಅಡಿ ಎತ್ತರದಲ್ಲಿ. ಹಬೆಯ ಎಂಜಿನ್ನಿಗೆ ಕಣಿವೆಗಿಳಿದು ಮತ್ತೆ ಹತ್ತುವುದಕ್ಕಿಂತ ದಿಣ್ಣೆಯ ಬೆನ್ನ ಮೇಲೆ ಹೋಗುವುದೇ ಸಲೀಸು. ಡೆಕೋರಾಕ್ಕೆ 1869ರಲ್ಲಿ ಸಿಕ್ಕಿದ್ದು ಒಂದು ಕವಲುದಾರಿ ಮಾತ್ರ. ಡ್ವೋರ್ಝಾಕ್ ಕುಟುಂಬ ರೈಲಿಳಿದು ಗಾಡಿ ಹತ್ತಿದ್ದೂ ಕ್ಯಾಲ್ಮಾರ್‌ನಲ್ಲಿಯೇ. ಕೌಂಟಿಯ ಜನಸಂಖ್ಯೆ 1880ರಲ್ಲಿ 23,938 ಇದ್ದದ್ದು ಆಮೇಲೆ ಇಳಿಮುಖವಾದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ. ದೊಡ್ಡ ಕಾರ್ಖಾನೆಗಳಿಗೆ ಈ ಕಣಿವೆ ಅನುಕೂಲದ ಜಾಗವಾಗಲಿಲ್ಲ.

ಗುಡ್ಡದ ಹೊಲ:
ಆ ಊಹೆಯನ್ನು ನಾನು ಪೂರ್ತಿ ಒಪ್ಪಲಾರೆ. ರೈಲು ಚೆನ್ನಾಗಿದ್ದ ಎಷ್ಟೋ ಅಯೋವಾ ಕೌಂಟಿಗಳಲ್ಲಿ ಜನ ಇದಕ್ಕಿಂತ ಹೆಚ್ಚು ಕರಗಿದ್ದಾರೆ. ಗೋಧಿ ಸೋತಾಗ ಇಲ್ಲಿನ ಮಕ್ಕಳು ಡಕೋಟದ ಹೊಸ ಭೂಮಿಗೆ ಹೋದರು. ಆಮೇಲೆ ಟ್ರ್ಯಾಕ್ಟರು ಬಂದಿತು, 160 ಎಕರೆ ಸಾಲದಾಯಿತು, ಒಬ್ಬರ ಹೊಲ ಇನ್ನೊಬ್ಬರ ಹೊಲಕ್ಕೆ ಸೇರುತ್ತಾ ಹೋಯಿತು. 1980ರ ದಶಕದ ಸಾಲದ ಬಿಕ್ಕಟ್ಟಿನಲ್ಲಿ ಉಳಿದವರಲ್ಲೂ ಕೆಲವರು ಮನೆಮಾರು ಹರಾಜಿಗಿಟ್ಟರು. ಕಾಲೇಜು, ವಸ್ತುಸಂಗ್ರಹಾಲಯ, ತೊರೆಗಳಲ್ಲಿ ಟ್ರೌಟ್ ಮೀನು ಹಿಡಿಯಲು ಬರುವವರು, ಇವೆಲ್ಲ ಇರುವುದರಿಂದ ಡೆಕೋರಾ ಇನ್ನೂ ಉಸಿರಾಡುತ್ತಿದೆ. ಊರಿನ ಉತ್ತರಕ್ಕೆ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಎಂಬ ಸಂಸ್ಥೆಯ 890 ಎಕರೆ ತೋಟವಿದೆ. ಸ್ಥಾಪಕರಲ್ಲಿ ಒಬ್ಬರ ಅಜ್ಜನ ಮನೆತನ ಬವೇರಿಯಾದಿಂದ ತಂದಿದ್ದ ಒಂದು ಹೂಬಳ್ಳಿಯ ಬೀಜ, ಒಂದು ಟೊಮೆಟೊ ತಳಿಯ ಬೀಜ, ಇವಿಷ್ಟರಿಂದ 1975ರಲ್ಲಿ ಶುರುವಾದ ಆ ಸಂಗ್ರಹದಲ್ಲಿ ಈಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಟಿ ತಳಿಗಳಿವೆ. ಮುಂದಿನ ಸಲ ಹೋದಾಗ ಅದನ್ನು ಬಿಡಬೇಡಿ.

ಪದರಗಲ್ಲು:
ಮಂಜುಗಡ್ಡೆಯ ಉತ್ತರ ನನ್ನ ಪಾಲಿನದು. ಆ ಗುಹೆಯಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಹೆಚ್ಚು ಇರುವುದಿಲ್ಲ. ಆಗ ತಣ್ಣನೆಯ ಭಾರವಾದ ಗಾಳಿ ಬಿರುಕುಗಳಲ್ಲಿ ಇಳಿದು ಬಂಡೆಯನ್ನು ಒಳಗಿನಿಂದ ಹೆಪ್ಪುಗಟ್ಟಿಸುವಷ್ಟು ತಣ್ಣಗಾಗಿಸುತ್ತದೆ, ಆದರೆ ಹೊರಗಿನ ನೆಲವೆಲ್ಲ ಹೆಪ್ಪುಗಟ್ಟಿರುವುದರಿಂದ ಒಳಗೆ ಸೋರಲು ನೀರಿರುವುದಿಲ್ಲ. ವಸಂತದಲ್ಲಿ ಮೇಲಿನ ಹಿಮ ಕರಗಿ ನೀರು ಕೆಳಗಿಳಿದಾಗ ತಣ್ಣಗಿನ ಗೋಡೆ ಅದನ್ನು ಹಿಡಿದು ಮಂಜುಗಡ್ಡೆ ಮಾಡುತ್ತದೆ. ಹೊರಗೆ ಸೆಕೆ ಏರಿದಂತೆ ಒಳಗೆ ಪದರ ದಪ್ಪವಾಗುತ್ತಾ ಹೋಗುತ್ತದೆ. ಜೂನ್‌ನಲ್ಲಿ ಹೋದರೆ ಅಂಗಿಯ ತೋಳು ಮಡಿಚಿಕೊಂಡು ಒಳಹೊಕ್ಕವರು ಗೋಡೆಯ ಮೇಲಿನ ಮಂಜುಗಡ್ಡೆಗೆ ಅಂಗೈ ಒತ್ತಿ ನೋಡಬಹುದು. ಬೇಸಗೆಯ ಕೊನೆಗೆ ಬಂಡೆಯ ತಂಪು ಮುಗಿದು ಎಲ್ಲವೂ ಕರಗುತ್ತದೆ. ನೀವು ಹೋದದ್ದು ಸೆಪ್ಟೆಂಬರಿನಲ್ಲಿ, ಆದ್ದರಿಂದ ನಿಮಗೆ ಸಿಕ್ಕಿದ್ದು ಒದ್ದೆ ಕಲ್ಲು.

ಬಯಲುದಾರಿ:
ಹಾಗಾದರೆ ಜೂನ್ ಮೊದಲ ವಾರ ಹೊರಡುತ್ತೇನೆ. ಬ್ಯಾಟರಿ ದೀಪ ಬೇಕಾಗುವುದೇ?

ಪದರಗಲ್ಲು:
ಬೇಕು. ನೆಲ ಜಾರುತ್ತದೆ, ಚಪ್ಪಲಿ ಹಾಕಿಕೊಂಡು ಹೋಗಬೇಡಿ.